ಪಿಯಾನೋಲಾದ ಮೂಲ ಪೇಟೆಂಟ್ ಹುಡುಕಿದರೆ ಸಿಗುತ್ತಿಲ್ಲ

ಸುರುಳಿಸ್ವರ:
ಎಲ್ಲರಿಗೂ ನಮಸ್ಕಾರ. ಎಡ್ವಿನ್ ವೋಟಿ 1895ರಲ್ಲಿ ಡೆಟ್ರಾಯಿಟ್‌ನಲ್ಲಿ ಪಿಯಾನೋಲಾ, ಅಂದರೆ ಪಿಯಾನೋವನ್ನು ತಾನೇ ನುಡಿಸುವ ಯಂತ್ರ, ಕಟ್ಟಿದರು ಅಂತ ಓದಿದೆ. ಗೂಗಲ್ ಪೇಟೆಂಟ್ಸ್‌ನಲ್ಲಿ ‘ಪಿಯಾನೋಲಾ’ ಅಂತ ಹಾಕಿ, 1895–96 ಅಂತ ವರ್ಷ ಕೊಟ್ಟರೆ ಅವರ ಪೇಟೆಂಟ್ ಬರುವುದೇ ಇಲ್ಲ. ಯಾಕಿರಬಹುದು?

ಹಳೆಕೀಲಿ:
ವರ್ಷ, ಹೆಸರು ಎರಡೂ ಅಡ್ಡ ಬರುತ್ತಿವೆ. 1895 ಯಂತ್ರ ಕಟ್ಟಿದ ವರ್ಷ. ಅರ್ಜಿ ಹಾಕಿದ್ದು 1897ರಲ್ಲಿ, ಪೇಟೆಂಟ್ ಸಿಕ್ಕಿದ್ದು 1900ರ ಮೇ 22ರಂದು. ಸಂಖ್ಯೆ 650285. ಇನ್ನು ಪಿಯಾನೋಲಾ ಅನ್ನುವುದು ಮಾರಾಟಕ್ಕೆ ಇಟ್ಟ ಹೆಸರು. ಪೇಟೆಂಟಿನ ತಲೆಬರಹ ‘ನ್ಯೂಮ್ಯಾಟಿಕ್ ಪಿಯಾನೋ ಅಟ್ಯಾಚ್‌ಮೆಂಟ್’. ಯಂತ್ರ ಏನು ಮಾಡುತ್ತದೆ ಅನ್ನುವ ಪದ ಹಾಕಿ ಹುಡುಕಬೇಕು.

ಅದರಲ್ಲೂ ಒಂದು ತೊಡಕಿದೆ. 1976ಕ್ಕಿಂತ ಹಿಂದಿನ ಅಮೆರಿಕದ ಪೇಟೆಂಟ್‌ಗಳೆಲ್ಲ ಸ್ಕ್ಯಾನ್ ಮಾಡಿದ ಹಾಳೆಗಳು. ಅಕ್ಷರ ಓದಿದ್ದು ಕಂಪ್ಯೂಟರ್. ಅಚ್ಚು ಮಸುಕಾಗಿದ್ದರೆ ಹೆಸರೇ ಕೆಟ್ಟಿರುತ್ತದೆ. ಅದಕ್ಕೇ ನಾನು ಪದಕ್ಕಿಂತ ವರ್ಗವನ್ನು, ಅಂದರೆ ಪೇಟೆಂಟ್‌ಗಳನ್ನು ವಿಷಯದ ಪ್ರಕಾರ ವಿಂಗಡಿಸಿದ ಗುರುತನ್ನು, ಜಾಸ್ತಿ ನಂಬುತ್ತೇನೆ. ತಾನೇ ನುಡಿಯುವ ವಾದ್ಯಗಳ ವರ್ಗ ಜಿ10ಎಫ್. ಅದನ್ನು ಹಾಕಿ, ದಿನಾಂಕದ ಜಾಗದಲ್ಲಿ ‘ಪ್ರಯಾರಿಟಿ’ (ಮೊದಲ ಅರ್ಜಿಯ ದಿನ) ಬದಲು ‘ಪಬ್ಲಿಕೇಶನ್’ (ಇಲ್ಲಿ ಪೇಟೆಂಟ್ ಸಿಕ್ಕಿದ ದಿನ) ಆರಿಸಿ. ವಾದ್ಯದ ಫಲಕದ ಮೇಲೆ ಇರುವುದೂ ಸಾಮಾನ್ಯವಾಗಿ ಪೇಟೆಂಟ್ ಸಿಕ್ಕಿದ ದಿನವೇ. ಆ ಕಾಲದಲ್ಲಿ ಅಮೆರಿಕದಲ್ಲಿ ಪೇಟೆಂಟ್ ಕೊಡುತ್ತಿದ್ದದ್ದು ಮಂಗಳವಾರ. ನೀವು ಓದಿದ ದಿನ ಮಂಗಳವಾರಕ್ಕೆ ಬೀಳದಿದ್ದರೆ ಫಲಕವನ್ನು ಇನ್ನೊಮ್ಮೆ ಭೂತಗನ್ನಡಿ ಹಿಡಿದು ನೋಡಿ.

ಸುರುಳಿಸ್ವರ:
ಸಂಖ್ಯೆ ಹಾಕಿದ ಕೂಡಲೇ ಸಿಕ್ಕಿತು ಸರ್, ತುಂಬಾ ಥ್ಯಾಂಕ್ಸ್. ಪಿಯಾನೋ ಮುಂದೆ ತಂದು ನಿಲ್ಲಿಸುವ ಪೆಟ್ಟಿಗೆ, ಕಾಲಲ್ಲಿ ತುಳಿದರೆ ಗಾಳಿ ಎಳೆದುಕೊಂಡು ಅದರ ಬೆರಳುಗಳು ಕೀಲಿ ಒತ್ತುವುದು, ಚಿತ್ರ ನೋಡುತ್ತಾ ಕೂತರೆ ಹೊತ್ತು ಹೋದದ್ದೇ ಗೊತ್ತಾಗಲ್ಲ!

ಇನ್ನೊಂದು ಪ್ರಶ್ನೆ. ಸ್ನೇಹಿತರ ಹತ್ತಿರ ಒಂದು ಜರ್ಮನ್ ಡಿಸ್ಕ್ ಸಂಗೀತ ಪೆಟ್ಟಿಗೆ ಇದೆ. ಅದರ ಮೇಲೆ ಡಿ.ಆರ್.ಜಿ.ಎಂ. ಅಂತ ಬರೆದು ಒಂದು ಸಂಖ್ಯೆ ಇದೆ. ಜರ್ಮನ್ ಪೇಟೆಂಟ್ ಕಚೇರಿಯ ಹುಡುಕಾಟದ ತಾಣ ಡೆಪಾಟಿಸ್‌ನೆಟ್‌ನಲ್ಲಿ ಆ ಸಂಖ್ಯೆ ಹಾಕಿದರೆ ಸಂಬಂಧವೇ ಇಲ್ಲದ ಯಂತ್ರ ಬರುತ್ತದೆ.

ಉಕ್ಕಿನಬಾಚಣಿಗೆ:
ಅದು ಪೇಟೆಂಟ್ ಸಂಖ್ಯೆ ಅಲ್ಲ. ಜರ್ಮನಿಯಲ್ಲಿ 1891ರಲ್ಲಿ ಶುರುವಾದ ಬೇರೆ ನೋಂದಣಿ. ಸಣ್ಣಪುಟ್ಟ ಸುಧಾರಣೆಗಳಿಗೆ, ಪರಿಶೀಲನೆ ಇಲ್ಲದೆ, ಮೊದಲು 3 ವರ್ಷಕ್ಕೆ ಕೊಡುತ್ತಿದ್ದರು. ಅದರ ಸಂಖ್ಯೆಗಳ ಸಾಲೇ ಬೇರೆ, ಹಾಗಾಗಿ ಪೇಟೆಂಟ್‌ಗಳಲ್ಲಿ ಹುಡುಕಿದರೆ ಬೇರೆಯವರದ್ದು ಬರುತ್ತದೆ. ಡಿ.ಆರ್.ಪಿ. ಅಂತ ಎಲ್ಲಾದರೂ ಇದೆಯಾ ನೋಡಿ. ಅದು 1877ರಿಂದ ಇದ್ದ ನಿಜವಾದ ಪೇಟೆಂಟ್, ಡೆಪಾಟಿಸ್‌ನೆಟ್‌ನಲ್ಲಿ ಅದನ್ನು ಹುಡುಕಬಹುದು. ಬಾಚಣಿಗೆ (ಸ್ವರ ಹೊರಡಿಸುವ ಉಕ್ಕಿನ ಹಲ್ಲುಗಳ ಪಟ್ಟಿ) ಕೂರಿಸಿರುವ ಲೋಹದ ತಳ, ಮುಚ್ಚಳದ ಒಳಭಾಗ, ಡಿಸ್ಕಿನ ಅಂಚು, ಮೂರೂ ಕಡೆ ನೋಡಿ. ಬರೀ ಡಿ.ಆರ್.ಜಿ.ಎಂ. ಇದ್ದರೂ ಆ ಭಾಗ 1891ಕ್ಕಿಂತ ಹಳೆಯದಲ್ಲ ಅನ್ನುವುದು ಖಚಿತ ಆಯಿತಲ್ವಾ? ಫೋಟೋ ಹಾಕಿ, ನೋಡೋಣ.