ಪಂಪ್ ಚಾಲೂ ಮಾಡಿದೊಡನೆ ಜನರೇಟರ್ ಏಕೆ ಬಳಲುತ್ತದೆ?

ಪ್ರಶ್ನೆ:
ನಮಸ್ಕಾರ ಸರ್. ನಮ್ಮ ವಸತಿ ಸಮುಚ್ಚಯದ ಡೀಸೆಲ್ ಜನರೇಟರ್ ನೋಡಿಕೊಳ್ಳುವ ಹೊಣೆ ಕಳೆದ ತಿಂಗಳಿಂದ ನನ್ನದು. ನಾನು ವಿದ್ಯುತ್ ಕೆಲಸ ಕಲಿತವನಲ್ಲ. ಸೆಟ್ 40 ಕೆವಿಎ, ಮೂರು ಫೇಸ್, 400 ವೋಲ್ಟ್. ಅದರ ಮೇಲೆ ಲಿಫ್ಟ್, 15 ಎಚ್‌ಪಿ ನೀರಿನ ಪಂಪ್, ಮೆಟ್ಟಿಲುಗಳ ದೀಪ, ಜೊತೆಗೆ ಪ್ರತಿ ಮನೆಯ ಕೆಲವು ದೀಪ, ಫ್ಯಾನುಗಳಿವೆ. ಎಲ್ಲ ಕೂಡಿಸಿದರೂ 24 ಕಿಲೋವ್ಯಾಟ್ ದಾಟುವುದಿಲ್ಲ. ಆದರೂ ಪಂಪ್ ಚಾಲೂ ಮಾಡಿದ ಕ್ಷಣ ದೀಪಗಳೆಲ್ಲ ಮಂಕಾಗುತ್ತವೆ. ಎರಡು ಸಲ ಲಿಫ್ಟ್ ನಡುವೆಯೇ ನಿಂತಿತು; ಒಮ್ಮೆ ವಯಸ್ಸಾದ ತಾಯಿಯೊಬ್ಬರು ಒಳಗೆ ಸಿಕ್ಕಿಕೊಂಡು ತುಂಬ ಗಾಬರಿಯಾದರು. ಇನ್ನೂ ದೊಡ್ಡ ಸೆಟ್ ತರಬೇಕೆ?

ಉತ್ತರ:
ಈಗಲೇ ಬೇಡ. ನೀವು ಹೇಳಿದ ಲೆಕ್ಕ ಓಡುತ್ತಿರುವ ಲೋಡ್‌ನದು. ಸೆಟ್ ಸೋಲುತ್ತಿರುವುದು ಮೋಟಾರು ಏಳುವ ಆ ಕೆಲವು ಸೆಕೆಂಡುಗಳಲ್ಲಿ.

ಜನರೇಟರ್ ಸೆಟ್ಟಿನಲ್ಲಿ ಎರಡು ಯಂತ್ರಗಳಿವೆ, ಎರಡಕ್ಕೂ ಬೇರೆ ಬೇರೆ ಮಿತಿಗಳಿವೆ. ಎಂಜಿನ್ ಕೊಡುವುದು ಕಿಲೋವ್ಯಾಟ್. ಎಂಜಿನ್ ತಿರುಗಿಸಿದಾಗ ವಿದ್ಯುತ್ ಹುಟ್ಟಿಸುವ ಯಂತ್ರವೇ ಆಲ್ಟರ್ನೇಟರ್; ಅದು ಹೊರುವುದು ಕೆವಿಎ, ಅಂದರೆ ಕರೆಂಟು. ಸಾಮಾನ್ಯವಾಗಿ 0.8 ಪವರ್ ಫ್ಯಾಕ್ಟರ್ (ಕೆವಿಎಯಲ್ಲಿ ಎಷ್ಟು ಪಾಲು ಕೆಲಸಕ್ಕೆ ಬರುವ ಕಿಲೋವ್ಯಾಟ್ ಆಗುತ್ತದೆ ಎಂಬ ಅಳತೆ) ಹಿಡಿದು ಸೆಟ್ ಕಟ್ಟುತ್ತಾರೆ. ಹಾಗಾಗಿ ನಿಮ್ಮ 40 ಕೆವಿಎ ಎಂದರೆ 32 ಕಿಲೋವ್ಯಾಟ್, ಪ್ರತಿ ಫೇಸಿಗೆ ಸುಮಾರು 58 ಆಂಪಿಯರ್. ಈಗ ಪಂಪ್ ನೋಡಿ. 15 ಎಚ್‌ಪಿ ಎಂದರೆ 11 ಕಿಲೋವ್ಯಾಟ್. ಓಡುವಾಗ ಸುಮಾರು 21 ಆಂಪಿಯರ್ ಎಳೆಯುತ್ತದೆ. ಆದರೆ ನೇರ ಸ್ಟಾರ್ಟರ್‌ನಲ್ಲಿ ಏಳುವಾಗ ಅದಕ್ಕೆ ಆರೇಳು ಪಟ್ಟು ಕರೆಂಟು ಬೇಕು. ಲೆಕ್ಕ ಹಾಕಿ: 125 ಆಂಪಿಯರ್‌ಗಿಂತ ಹೆಚ್ಚು. ಇಡೀ ಸೆಟ್ಟಿನ ಮಿತಿಯ ಎರಡು ಪಟ್ಟನ್ನು ಒಂದು ಪಂಪ್ ಒಂದೇ ಏಟಿಗೆ ಕೇಳುತ್ತಿದೆ. ಅಷ್ಟನ್ನು ಕೊಡಲು ಹೋಗಿ ಆಲ್ಟರ್ನೇಟರ್‌ನ ವೋಲ್ಟೇಜ್ ಕುಸಿಯುತ್ತದೆ, ದೀಪ ಮಂಕಾಗುತ್ತದೆ, ಲಿಫ್ಟಿನ ಕಾಂಟ್ಯಾಕ್ಟರ್‌ಗಳು (ವಿದ್ಯುತ್ಕಾಂತದ ಬಲದಿಂದ ಹಿಡಿದುಕೊಂಡಿರುವ ಸ್ವಿಚ್ಚುಗಳು) ಹಿಡಿತ ಬಿಡುತ್ತವೆ. ಮೇನ್ಸ್‌ನಲ್ಲಿ, ಅಂದರೆ ಬೀದಿಯ ಲೈನಿನಿಂದ ಬರುವ ಕರೆಂಟಿನಲ್ಲಿ, ಇದು ಕಾಣುವುದಿಲ್ಲ, ಏಕೆಂದರೆ ಅಲ್ಲಿ ಬೆನ್ನಿಗೆ ಬಹು ದೊಡ್ಡ ಜಾಲವಿದೆ.

ಪಂಪಿಗೆ ಸ್ಟಾರ್-ಡೆಲ್ಟಾ ಸ್ಟಾರ್ಟರ್ (ಮೋಟಾರನ್ನು ಮೊದಲು ಕಡಿಮೆ ವೋಲ್ಟೇಜಿನಲ್ಲಿ ಎಬ್ಬಿಸಿ ಆಮೇಲೆ ಪೂರ್ತಿ ವೋಲ್ಟೇಜಿಗೆ ಬದಲಿಸುವಂಥದ್ದು) ಹಾಕಿಸಿದರೆ ಏಳುವ ಕರೆಂಟು ಮೂರನೆಯ ಒಂದು ಭಾಗಕ್ಕೆ ಇಳಿಯುತ್ತದೆ. ತಿರುಗುವ ಬಲವೂ ಅಷ್ಟೇ ಇಳಿಯುವುದರಿಂದ ನಿಮ್ಮ ಪಂಪಿಗೆ ಅದು ಹೊಂದುತ್ತದೆಯೇ ಎಂದು ಮೊದಲು ಕೇಳಿಕೊಳ್ಳಿ. ವೋಲ್ಟೇಜನ್ನು ನಿಧಾನವಾಗಿ ಏರಿಸುವ ಸಾಫ್ಟ್ ಸ್ಟಾರ್ಟರ್ ಕೂಡ ಆಗುತ್ತದೆ. ಅದು ಬರುವವರೆಗೆ ಕ್ರಮ ಬದಲಿಸಿ: ಸೆಟ್ ಚಾಲೂ ಆಗಿ ಒಂದೆರಡು ನಿಮಿಷ ಬಿಸಿಯಾಗಲಿ, ಮೊದಲು ಪಂಪ್ ಏಳಲಿ, ಅದು ಸ್ಥಿರವಾದ ಮೇಲೆ ದೀಪ, ಕೊನೆಗೆ ಲಿಫ್ಟ್. ಸೆಟ್ ತಾನಾಗಿಯೇ ಚಾಲೂ ಆಗುವ ವ್ಯವಸ್ಥೆಯಿದ್ದರೆ ಎಲ್ಲವೂ ಒಟ್ಟಿಗೆ ಮೇಲೆ ಬೀಳುತ್ತವೆ. ಆಗ ಒಂದೊಂದು ಲೋಡಿಗೂ ಬೇರೆ ಬೇರೆ ಸಮಯದ ಟೈಮರ್ ಹಾಕಿಸಬೇಕು.

ಇನ್ನೊಂದು ಕೆಲಸ. ದೀಪ ಮಂಕಾಗುವಾಗ ಪ್ಯಾನೆಲ್ ಮುಂದೆ ನಿಂತು ಹರ್ಟ್ಸ್ ತೋರಿಸುವ ಮೀಟರ್ ನೋಡಿ; ಎಂಜಿನ್ನಿನ ವೇಗ ಇಳಿದರೆ ಅದೂ ಇಳಿಯುತ್ತದೆ. ವೋಲ್ಟೇಜ್ ಮಾತ್ರ ಇಳಿದು ಹರ್ಟ್ಸ್ ಹೆಚ್ಚುಕಡಿಮೆ ನಿಂತಿದ್ದರೆ ನಾನು ಹೇಳಿದ್ದೇ ಕಾರಣ. ಹರ್ಟ್ಸ್ ಕೂಡ ತೀರ ಕುಸಿದು, ಕಪ್ಪು ಹೊಗೆ ಬಂದರೆ ಎಂಜಿನ್ನಿಗೆ ಉಸಿರು ಸಾಲುತ್ತಿಲ್ಲ. ಏರ್ ಫಿಲ್ಟರ್, ಡೀಸೆಲ್ ಫಿಲ್ಟರ್ ತೆಗೆದು ನೋಡಿಸಿ. ಕ್ಲಾಂಪ್ ಮೀಟರ್ (ತಂತಿಯನ್ನು ಬಿಚ್ಚದೆ ಸುತ್ತ ಹಿಡಿದು ಕರೆಂಟು ಅಳೆಯುವ ಸಾಧನ) ಇದ್ದವರಿಂದ ಮೂರು ಫೇಸ್ ಮತ್ತು ನ್ಯೂಟ್ರಲ್‌ನ, ಅಂದರೆ ಕರೆಂಟು ಹಿಂದಿರುಗುವ ನಾಲ್ಕನೆಯ ತಂತಿಯ, ಕರೆಂಟನ್ನೂ ಅಳತೆ ಮಾಡಿಸಿ ಇಲ್ಲಿ ಬರೆಯಿರಿ.

ಮತ್ತೊಬ್ಬರ ಪ್ರಶ್ನೆ:
ಸರ್, ನಮ್ಮದು ತದ್ವಿರುದ್ಧ. 125 ಕೆವಿಎ ಸೆಟ್ ಇದೆ, ರಾತ್ರಿಯಿಡೀ ಕಾವಲಿನ ದೀಪ ಮಾತ್ರ ಅದರ ಮೇಲೆ. ಹಗುರವಾಗಿ ಓಡುವುದರಿಂದ ಬಾಳಿಕೆ ಹೆಚ್ಚು ಎಂದು ನಂಬಿದ್ದೆವು. ಈಗ ಸೈಲೆನ್ಸರ್ ಕೀಲುಗಳಿಂದ ಕಪ್ಪು ಎಣ್ಣೆ ಸೋರುತ್ತಿದೆ.

ಉತ್ತರ:
ಆ ನಂಬಿಕೆಯೇ ಎಂಜಿನ್ನನ್ನು ಕೆಡಿಸುತ್ತಿದೆ. ಡೀಸೆಲ್ ಎಂಜಿನ್ ಸರಿಯಾಗಿ ಉರಿಸಲು ಒಳಗೆ ಸಾಕಷ್ಟು ಕಾವು ಬೇಕು. ಲೋಡ್ 30 ಶೇಕಡಾಕ್ಕಿಂತ ಕೆಳಗೆ ಗಂಟೆಗಟ್ಟಲೆ ನಿಂತರೆ ಆ ಕಾವು ಹುಟ್ಟುವುದಿಲ್ಲ. ಪೂರ್ತಿ ಉರಿಯದ ಡೀಸೆಲ್ ಮಸಿಯ ಜೊತೆ ಸೇರಿ ನಿಮ್ಮ ಕೀಲುಗಳಿಂದ ಇಳಿಯುತ್ತಿದೆ. ಇಂಜೆಕ್ಟರ್ ಬಾಯಿಗೆ ಇಂಗಾಲ ಕಟ್ಟುತ್ತದೆ, ಸಿಲಿಂಡರ್ ಗೋಡೆ ಗಾಜಿನಂತೆ ನುಣುಪಾಗಿ ಪಿಸ್ಟನ್ ರಿಂಗ್‌ಗಳು ಬಿಗಿಯಾಗಿ ಕೂರುವುದಿಲ್ಲ, ಆಮೇಲೆ ಎಂಜಿನ್ ಆಯಿಲನ್ನೂ ಕುಡಿಯತೊಡಗುತ್ತದೆ. ರಾತ್ರಿಯ ದೀಪಕ್ಕೆ ಚಿಕ್ಕ ಸೆಟ್ ಅಥವಾ ಬ್ಯಾಟರಿ-ಇನ್ವರ್ಟರ್ ಇಡಿ. ಸದ್ಯಕ್ಕೆ ಸರ್ವಿಸ್ ತಂತ್ರಜ್ಞರನ್ನು ಕರೆಸಿ, ಲೋಡ್ ಬ್ಯಾಂಕ್ (ಸೆಟ್ಟಿಗೆ ಕೃತಕವಾಗಿ ಲೋಡ್ ಕೊಡುವ ಸಾಧನ) ಕಟ್ಟಿ, ಹಂತಹಂತವಾಗಿ ಲೋಡ್ ಏರಿಸಿ ಕೆಲವು ಗಂಟೆ ಓಡಿಸಲು ಹೇಳಿ. ಆ ಮಸಿ ಉರಿದುಹೋಗುವಾಗ ಸೈಲೆನ್ಸರ್ ತುಂಬ ಕಾಯುತ್ತದೆ, ನೀವಾಗಿ ಮಾಡಲು ಹೋಗಬೇಡಿ.

ಇನ್ನೊಂದು ಎಚ್ಚರಿಕೆ: ಪ್ಯಾನೆಲಿನಲ್ಲಿ ಪವರ್ ಫ್ಯಾಕ್ಟರ್ ಸುಧಾರಿಸಲು ಹಾಕಿದ ಕೆಪಾಸಿಟರ್‌ಗಳಿದ್ದರೆ ಜನರೇಟರ್ ಓಡುವಾಗ ಅವು ಕಡಿತವಾಗಿರಬೇಕು. ಲೋಡ್ ಕಡಿಮೆ, ಕೆಪಾಸಿಟರ್ ಪೂರ್ತಿ ಜೋಡಣೆಯಲ್ಲಿ ಎಂದಾದರೆ ಆಲ್ಟರ್ನೇಟರ್‌ನ ವೋಲ್ಟೇಜ್ ನಿಯಂತ್ರಕದ ಕೈಮೀರಿ ವೋಲ್ಟೇಜ್ ಏರಿಬಿಡುತ್ತದೆ. ದೀಪ, ಟಿವಿ, ಕಂಪ್ಯೂಟರ್ ಸುಟ್ಟ ಮೇಲೆ ಕಾರಣ ಹುಡುಕುವವರನ್ನು ಬಹಳ ನೋಡಿದ್ದೇನೆ.

ಇನ್ನೊಬ್ಬರ ಪ್ರಶ್ನೆ:
ಅಣ್ಣ, ಮನೆಗೆಂದು ಚಿಕ್ಕ ಸೆಟ್ ತಂದಿದ್ದೇನೆ. ಎರಡೂ ತುದಿಗೆ ಪ್ಲಗ್ ಇರುವ ತಂತಿಯಿಂದ ಗೋಡೆಯ ಸಾಕೆಟ್ಟಿಗೇ ಕೊಟ್ಟರೆ ಇಡೀ ಮನೆಗೆ ಬರುತ್ತದೆ ಎಂದು ಪರಿಚಯದವರು ತೋರಿಸಿಕೊಟ್ಟರು. ಮಳೆಗೆ ನೆನೆಯಬಾರದೆಂದು ಸೆಟ್ಟನ್ನು ಶೆಡ್ಡಿನೊಳಗೆ ಇಟ್ಟಿದ್ದೇನೆ. ಸರಿಯೇ?

ಉತ್ತರ:
ತಮ್ಮಾ, ಇದನ್ನು ಓದಿದ ಕೂಡಲೇ ಆ ತಂತಿಯನ್ನು ಕತ್ತರಿಸಿ ಎಸೆದುಬಿಡು. ಒಂದು ತುದಿ ಸಾಕೆಟ್ಟಿನಿಂದ ಕಳಚಿದರೆ ನಿನ್ನ ಕೈಯಲ್ಲಿರುವ ಪ್ಲಗ್ಗಿನ ಪಿನ್ನುಗಳಲ್ಲೇ ಕರೆಂಟು ಇರುತ್ತದೆ. ಅದಕ್ಕಿಂತ ಘೋರ ಸಂಗತಿ ನಿನ್ನ ಮನೆಯ ಹೊರಗೆ ನಡೆಯುತ್ತದೆ. ಮೇನ್ ಸ್ವಿಚ್ ಇಳಿಸಲು ಮರೆತರೆ ನಿನ್ನ ಸೆಟ್ಟಿನ ಕರೆಂಟು ಬೀದಿಯ ತಂತಿಗೆ ಹೋಗಿ ಟ್ರಾನ್ಸ್‌ಫಾರ್ಮರನ್ನು ಹಿಮ್ಮುಖವಾಗಿ ತಲುಪುತ್ತದೆ. ಅಲ್ಲಿ ಅದು ಸಾವಿರಾರು ವೋಲ್ಟಿಗೆ ಏರುತ್ತದೆ. ಲೈನ್ ಸತ್ತಿದೆ ಎಂದು ನಂಬಿ ಕಂಬ ಹತ್ತಿದ ಲೈನ್‌ಮ್ಯಾನ್ ಕೈಗೆ ಸಿಗುವುದು ಅದೇ. ಮೇನ್ಸ್ ಮತ್ತು ಜನರೇಟರ್ ಎರಡೂ ಯಾವ ಕಾರಣಕ್ಕೂ ಒಟ್ಟಿಗೆ ಸೇರಲಾಗದ ಚೇಂಜ್‌ಓವರ್ ಸ್ವಿಚ್ಚನ್ನು ಪರವಾನಗಿ ಇರುವ ಎಲೆಕ್ಟ್ರಿಷಿಯನ್ ಕೈಯಲ್ಲೇ ಹಾಕಿಸು. ಅವರೇ ಅರ್ತಿಂಗ್ ಕೂಡ ನೋಡಲಿ. ಅಲ್ಲಿಯವರೆಗೆ ಬೇಕಾದ ಉಪಕರಣವನ್ನು ಸರಿಯಾದ ಕೇಬಲ್ಲಿನಿಂದ ನೇರವಾಗಿ ಸೆಟ್ಟಿನ ಸಾಕೆಟ್ಟಿಗೇ ಜೋಡಿಸು.

ಶೆಡ್ ಕೂಡ ಬೇಡವೇ ಬೇಡ. ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಇದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆನೋವು, ಸುಸ್ತು, ವಾಕರಿಕೆ ಎಂದು ಮಲಗಿದವರು ಏಳುವುದಿಲ್ಲ. ಬಾಗಿಲು ತೆರೆದಿದೆ, ಫ್ಯಾನ್ ಓಡುತ್ತಿದೆ ಎಂಬ ಧೈರ್ಯ ಸಾಲದು. ನಾನು ಕೆಲಸ ಕಲಿಯುತ್ತಿದ್ದಾಗ ಅರ್ಧ ಮುಚ್ಚಿದ ಕೋಣೆಯಲ್ಲಿ ಸೆಟ್ ಪರೀಕ್ಷೆ ಮಾಡುತ್ತಿದ್ದ ಹಿರಿಯರೊಬ್ಬರು ಕಣ್ಣೆದುರೇ ಕುಸಿದರು. ಹೊರಗೆ ಎಳೆದು ತಂದಿದ್ದರಿಂದ ಉಳಿದರು. ಸೆಟ್ಟನ್ನು ಬಯಲಿನಲ್ಲಿ, ಮನೆಯಿಂದ ಕನಿಷ್ಠ 6 ಮೀಟರ್ ದೂರ, ಹೊಗೆಕೊಳವೆ ಕಿಟಕಿ ಬಾಗಿಲುಗಳಿಗೆ ಬೆನ್ನು ಮಾಡಿರುವಂತೆ ಇಡು. ಮಳೆಗೆ ಬದಿಗಳು ತೆರೆದಿರುವ ಮೇಲ್ಚಾವಣಿ ಸಾಕು. ಮನೆಯೊಳಗೆ ಕಾರ್ಬನ್ ಮೊನಾಕ್ಸೈಡ್ ಅಲಾರಂ ಒಂದಿರಲಿ. ಡೀಸೆಲ್ ತುಂಬುವುದು ಸೆಟ್ ನಿಂತು ತಣ್ಣಗಾದ ಮೇಲೆಯೇ.

ಮೊದಲ ಪ್ರಶ್ನೆ ಕೇಳಿದವರು:
ಸರ್, ಅಳತೆ ಮಾಡಿಸಿದೆ. ಪಂಪ್ ಓಡುತ್ತಿರುವಾಗ, ಸಂಜೆ: ಆರ್ ಫೇಸ್ 56 ಆಂಪಿಯರ್, ವೈ 38, ಬಿ 30. ನ್ಯೂಟ್ರಲ್‌ನಲ್ಲಿ 23. ಪಂಪ್ ಏಳುವಾಗ ಹರ್ಟ್ಸ್ ಸ್ವಲ್ಪ ಮಾತ್ರ ಇಳಿಯುತ್ತದೆ, ಕಪ್ಪು ಹೊಗೆ ಇಲ್ಲ. ಇನ್ನೊಂದು ಮಾತು, ಕರೆಂಟು ಬಂದ ಕೂಡಲೇ ನಾವು ಸೆಟ್ ನಿಲ್ಲಿಸುತ್ತೇವೆ. ತಪ್ಪೇ?

ಉತ್ತರ:
ಒಳ್ಳೆಯ ಅಳತೆ, ಇಷ್ಟು ಸಾಕು. ನಿಮ್ಮ ಎಂಜಿನ್ ಚೆನ್ನಾಗಿದೆ. ಆದರೆ ಆರ್ ಫೇಸ್ ನೋಡಿ: ಮಿತಿ 58, ನೀವು 56ರಲ್ಲಿದ್ದೀರಿ. ಒಟ್ಟು ಲೋಡ್ ಕಡಿಮೆಯೆಂದು ಕಂಡರೂ ಒಂದು ಫೇಸ್ ಅಂಚಿನಲ್ಲಿ ನಿಂತಿದೆ. ಬಹುಶಃ ಮನೆಗಳಿಗೆ ಕೊಟ್ಟ ಲೈನುಗಳಲ್ಲಿ ಹೆಚ್ಚಿನವು ಆರ್‌ನಿಂದಲೇ ಹೊರಟಿವೆ. ಕೆಲವನ್ನು ಬಿ ಫೇಸಿಗೆ ಸಾಗಿಸಿದರೆ ಮೂರೂ 41ರ ಆಸುಪಾಸಿಗೆ ಬರುತ್ತವೆ, ನ್ಯೂಟ್ರಲ್ ಕರೆಂಟೂ ಬಹಳ ಇಳಿಯುತ್ತದೆ. ಇದನ್ನು ಎಲೆಕ್ಟ್ರಿಷಿಯನ್ ಮಾಡಲಿ. ಮೇನ್ಸ್ ಕಡಿತವಾಗಿರಬೇಕು, ಸೆಟ್ ತಾನಾಗಿ ಚಾಲೂ ಆಗದಂತೆ ಬ್ಯಾಟರಿಯ ಋಣ ತಂತಿ ಕಳಚಿರಬೇಕು, ಸ್ವಿಚ್ಚಿಗೆ ಬೀಗ ಬಿದ್ದು ಬೀಗದ ಕೈ ಅವರ ಜೇಬಿನಲ್ಲೇ ಇರಬೇಕು. ನ್ಯೂಟ್ರಲ್ ಜೋಡಣೆಗಳನ್ನೂ ಬಿಗಿ ಮಾಡಿಸಿ. ಅದು ಕಳಚಿದರೆ ಹಗುರ ಫೇಸಿನ ಮನೆಗಳಿಗೆ ಹೆಚ್ಚು ವೋಲ್ಟೇಜ್ ನುಗ್ಗುತ್ತದೆ. ಪಂಪಿನ ಮೂರು ತಂತಿಗಳ ಕ್ರಮ ಮಾತ್ರ ಅದಲುಬದಲಾಗಬಾರದು, ಮೋಟಾರು ಹಿಂದುಮುಂದಾಗಿ ತಿರುಗುತ್ತದೆ.

ಕೂಡಲೇ ನಿಲ್ಲಿಸುವುದು ತಪ್ಪೇ. ಲೋಡ್ ತೆಗೆದ ಮೇಲೆ ಮೂರರಿಂದ ಐದು ನಿಮಿಷ ಖಾಲಿ ಓಡಲಿ. ಟರ್ಬೊ (ಹೊಗೆಯ ಒತ್ತಡದಿಂದ ವೇಗವಾಗಿ ತಿರುಗಿ ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಭಾಗ) ಇರುವ ಎಂಜಿನ್ನಿಗೆ ಇದು ಬಹಳ ಮುಖ್ಯ. ತಟ್ಟನೆ ನಿಂತರೆ ಆಯಿಲ್ ಹರಿವು ನಿಂತು ಕಾದ ಬೇರಿಂಗಿನಲ್ಲೇ ಆಯಿಲ್ ಸುಟ್ಟು ಕರಕಲಾಗುತ್ತದೆ. ಬಿಸಿ ಇರುವಾಗ ರೇಡಿಯೇಟರ್ ಮುಚ್ಚಳ ತೆರೆಯುವ ಗೋಜಿಗೂ ಹೋಗಬೇಡಿ.

ಲಿಫ್ಟಿನವರನ್ನು ಈ ವಾರವೇ ಕರೆಸಿ. ವಿದ್ಯುತ್ ಕಡಿತವಾದಾಗ ಹತ್ತಿರದ ಮಹಡಿಗೆ ತಂದು ಬಾಗಿಲು ತೆರೆಯುವ ಬ್ಯಾಟರಿ ವ್ಯವಸ್ಥೆ ನಿಮ್ಮ ಲಿಫ್ಟಿನಲ್ಲಿದೆಯೇ, ಇದ್ದರೆ ಆ ಬ್ಯಾಟರಿ ಇನ್ನೂ ಜೀವಂತವಿದೆಯೇ ಎಂದು ನಿಮ್ಮೆದುರೇ ಪರೀಕ್ಷಿಸಿ ತೋರಿಸಲಿ. ಸ್ಟಾರ್ಟರ್ ಬದಲಾಗುವವರೆಗೆ ಪಂಪ್ ಏಳುವ ಹೊತ್ತಿಗೆ ಆ ತಾಯಿ ಲಿಫ್ಟ್ ಹತ್ತದಂತೆ ಕಾವಲಿನವರಿಗೆ ಹೇಳಿಡಿ.