ಅನುಪಾತದ ಲೆಕ್ಕ: ಓದಿದರೆ ಅರ್ಥವಾಗುತ್ತದೆ, ಬಿಡಿಸಲು ಹೋದರೆ ತಪ್ಪುತ್ತದೆ

ಪ್ರಶ್ನೆ: ಹಾವೇರಿ ಕಡೆಯ ವಿದ್ಯಾರ್ಥಿನಿ

ಅಕ್ಕ, ಅಣ್ಣಂದಿರಿಗೆ ನಮಸ್ಕಾರ. ಬಿ.ಎ. ಮುಗಿಸಿ ಬ್ಯಾಂಕ್ ಕ್ಲರ್ಕ್ ಪರೀಕ್ಷೆಗೆ ಓದುತ್ತಿದ್ದೇನೆ. ಹತ್ತನೇ ತರಗತಿ ಆದಮೇಲೆ ಗಣಿತ ಮುಟ್ಟಿಲ್ಲ. 600 ರೂಪಾಯಿಯನ್ನು 2:3ರಲ್ಲಿ ಹಂಚಿ ಅಂದರೆ ಹಂಚುತ್ತೇನೆ. ಅದೇ ವಯಸ್ಸು, ಹಾಲು-ನೀರು, ಆದಾಯ-ಖರ್ಚು ಅಂತ ವಾಕ್ಯದಲ್ಲಿ ಬಂದರೆ ಎಲ್ಲಿಂದ ಶುರು ಮಾಡಬೇಕೋ ತಿಳಿಯುವುದಿಲ್ಲ. ಪ್ರಿಲಿಮ್ಸ್‌ನಲ್ಲಿ 35 ಲೆಕ್ಕಕ್ಕೆ ಇರುವುದು 20 ನಿಮಿಷ. ನನಗೆ ಇಂಥ ಒಂದಕ್ಕೇ ನಾಲ್ಕು ನಿಮಿಷ ಹೋಗುತ್ತದೆ. ನೀವೆಲ್ಲ ಹೇಗೆ ಕಲಿತಿರಿ?

ಉತ್ತರ: ಬ್ಯಾಂಕ್ ಉದ್ಯೋಗಿ

ತಂಗಿ, ನಾನು ಎರಡು ಸಲ ಪ್ರಿಲಿಮ್ಸ್‌ನಲ್ಲೇ ಉಳಿದವಳು. ಮೂರನೇ ಸಲಕ್ಕೆ ಒಂದೇ ಒಂದು ಅಭ್ಯಾಸ ಬದಲಿಸಿಕೊಂಡೆ. ಪೆನ್ನು ಹಿಡಿಯುವ ಮೊದಲು ಕೇಳಿಕೊಳ್ಳುತ್ತಿದ್ದೆ: ಈ ಲೆಕ್ಕದಲ್ಲಿ ಬದಲಾಗದೆ ಉಳಿದಿದ್ದು ಯಾವುದು?

ಹಾಲಿನ ಲೆಕ್ಕವನ್ನೇ ನೋಡು. 40 ಲೀಟರ್ ಮಿಶ್ರಣದಲ್ಲಿ ಹಾಲು, ನೀರು 3:1 ಇದೆ. 3:2 ಆಗಲು ಎಷ್ಟು ನೀರು ಸೇರಿಸಬೇಕು? ನಾನು ಮೊದಲು ಏನು ಮಾಡುತ್ತಿದ್ದೆ ಅಂದರೆ, 40ನ್ನೇ 5 ಭಾಗ ಮಾಡಿ, ನೀರು 16, ಮೊದಲು 10 ಇತ್ತು, ಆದ್ದರಿಂದ 6 ಲೀಟರ್ ಅಂತ ಬರೆಯುತ್ತಿದ್ದೆ. ಆಯ್ಕೆಗಳಲ್ಲಿ 6 ಇದ್ದರೆ ಅದನ್ನೇ ಒತ್ತಿ ಮುಂದೆ ಹೋಗುತ್ತಿದ್ದೆ. ಆದರೆ ನೀರು ಸುರಿದ ಮೇಲೆ ಅದು 40 ಲೀಟರ್ ಆಗಿ ಎಲ್ಲಿ ಉಳಿಯಿತು? ಉಳಿದಿದ್ದು ಹಾಲು ಮಾತ್ರ, 30 ಲೀಟರ್. ಹೊಸ ಅನುಪಾತದ 3 ಭಾಗ ಅಂದರೆ ಅದೇ 30. ಹಾಗಾದರೆ 2 ಭಾಗ ನೀರು 20. ಈಗಾಗಲೇ 10 ಇದೆ, ಇನ್ನೂ 10 ಬೇಕು.

ಒಬ್ಬರಿಂದ ಇನ್ನೊಬ್ಬರಿಗೆ ಹಣ ಹೋದರೆ ಬದಲಾಗದೆ ಉಳಿಯುವುದು ಒಟ್ಟು ಮೊತ್ತ. ಅಣ್ಣ-ತಂಗಿಯ ಹತ್ತಿರ 5:3 ಇದೆ, ಅಣ್ಣ 120 ಕೊಟ್ಟರೆ ಇಬ್ಬರದೂ ಸಮ. ಒಟ್ಟು 8 ಭಾಗ, ಸಮ ಅಂದರೆ 4 ಮತ್ತು 4. ಅಣ್ಣನಿಂದ ಹೋದದ್ದು 1 ಭಾಗ, ಅದೇ 120. ಅಣ್ಣನ ಹತ್ತಿರ ಇದ್ದದ್ದು 600, ತಂಗಿಯ ಹತ್ತಿರ 360.

ಉತ್ತರ: ಪ್ರೌಢಶಾಲೆಯ ಗಣಿತ ಶಿಕ್ಷಕಿ

ಮೇಲಿನವರು ಹೇಳಿದ್ದು ತುಂಬಾ ಸರಿ. ವಯಸ್ಸಿನ ಲೆಕ್ಕದಲ್ಲಿ ಬದಲಾಗದ್ದು ಇಬ್ಬರ ನಡುವಿನ ಅಂತರ. ಅಕ್ಕ ಎಷ್ಟು ವರ್ಷ ದೊಡ್ಡವಳೋ ಸಾಯುವ ತನಕ ಅಷ್ಟೇ ದೊಡ್ಡವಳು, ಅಲ್ವಾ?

ಮಕ್ಕಳು ಮಾಡುವ ತಪ್ಪು ಒಂದೇ. ಈಗ 5:3, 6 ವರ್ಷದ ನಂತರ ಅಂದ ಕೂಡಲೇ 5ಕ್ಕೆ 6, 3ಕ್ಕೆ 6 ಕೂಡಿಸಿಬಿಡುತ್ತಾರೆ. ಆ 5 ವರ್ಷವಲ್ಲ, ಭಾಗ. ನಾನು ಬೋರ್ಡಿನ ಮೇಲೆ ಚೌಕಗಳನ್ನು ಹಾಕಿಸುತ್ತೇನೆ. ಅಕ್ಕನಿಗೆ ಐದು ಚೌಕ, ತಮ್ಮನಿಗೆ ಮೂರು. ಒಂದು ಚೌಕದೊಳಗೆ ಎಷ್ಟು ವರ್ಷ ಇದೆ ಅನ್ನುವುದು ನಮಗಿನ್ನೂ ಗೊತ್ತಿಲ್ಲ.

6 ವರ್ಷದ ನಂತರ 3:2 ಆಗುತ್ತದೆ ಅಂತಿಟ್ಟುಕೊಳ್ಳಿ. ಈಗ ಅಂತರ 2 ಭಾಗ, ಆಮೇಲೆ 1 ಭಾಗ. ಅಂತರ ಬದಲಾಗಬಾರದು, ಆದ್ದರಿಂದ 3:2ನ್ನು 6:4 ಅಂತ ಬರೆಯಿರಿ. ಈಗ ಎರಡೂ ಕಡೆ ಅಂತರ 2. ಅಕ್ಕ 5ರಿಂದ 6ಕ್ಕೆ ಹೋದಳು, ಆ 1 ಭಾಗವೇ 6 ವರ್ಷ. ಈಗಿನ ವಯಸ್ಸು 30 ಮತ್ತು 18. ತಾಳೆ ನೋಡಿ: 36 ಮತ್ತು 24, ಅಂದರೆ 3:2.

ಮೊದಲ ವಾರ ಗಡಿಯಾರ ಪಕ್ಕಕ್ಕಿಟ್ಟು ಚೌಕ ಹಾಕಿಯೇ ಮಾಡಿ ಅನ್ನುವುದು ನನ್ನ ಸಲಹೆ. ವೇಗ ಆಮೇಲೆ ಬರುತ್ತದೆ.

ಉತ್ತರ: ಈ ವರ್ಷ ಓದುತ್ತಿರುವವರು

ನನ್ನದು ಚಿಕ್ಕ ಮಾತು. ಕೊನೆಯ ವಾಕ್ಯವನ್ನು ಮೊದಲು ಓದಿ. ಎಷ್ಟೋ ಸಲ ಅವರು ಕೇಳಿರುವುದು ವ್ಯತ್ಯಾಸ ಮಾತ್ರ, ನಾವು ಸುಮ್ನೆ ಇಬ್ಬರದ್ದೂ ಕಂಡುಹಿಡಿಯುತ್ತಾ ಕೂರುತ್ತೇವೆ. ‘ಕ್ರಮವಾಗಿ’ ಅಂತ ಇದ್ದರೆ ಹೆಸರಿನ ಮೊದಲಕ್ಷರವನ್ನು ಅಂಕಿಯ ಮೇಲೆ ಬರೆದುಕೊಳ್ಳಿ. ತಿರುಗುಮುರುಗಾಗಿ ಹೋದ ಅಂಕಗಳೇ ನನಗೆ ಜಾಸ್ತಿ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದ. ಹಾಲು, ವಯಸ್ಸು ಎರಡೂ ಬಂತು! ಆದರೆ ಇದರಲ್ಲಿ ಬದಲಾಗದ್ದು ಏನೂ ಕಾಣುತ್ತಿಲ್ಲ: ಇಬ್ಬರ ಆದಾಯ 5:4, ಖರ್ಚು 3:2, ಇಬ್ಬರೂ ತಲಾ 1600 ಉಳಿಸುತ್ತಾರೆ. ಆದಾಯ ಎಷ್ಟು?

ಉತ್ತರ: ಬ್ಯಾಂಕ್ ಉದ್ಯೋಗಿ

ಇಲ್ಲಿಯೂ ಇದೆ ತಂಗಿ. ಇಬ್ಬರ ಉಳಿತಾಯ ಒಂದೇ. ಹಾಗಿದ್ದ ಮೇಲೆ ಮೊದಲನೆಯವನು ಎಷ್ಟು ಜಾಸ್ತಿ ದುಡಿದನೋ ಅಷ್ಟೇ ಜಾಸ್ತಿ ಖರ್ಚು ಮಾಡಿದ್ದಾನೆ. ಆದಾಯದ ಅಂತರ 1 ಭಾಗ, ಖರ್ಚಿನ ಅಂತರವೂ 1 ಭಾಗ. ಅಂದರೆ ಎರಡು ಕಡೆಯ ಭಾಗವೂ ಒಂದೇ ಅಳತೆಯದು. 5ರಲ್ಲಿ 3 ಕಳೆದರೆ 2 ಭಾಗ, ಅದು 1600. ಒಂದು ಭಾಗ 800. ಆದಾಯ 4000 ಮತ್ತು 3200.

ಉಳಿತಾಯ ಬೇರೆ ಬೇರೆ ಕೊಟ್ಟಿದ್ದರೆ ಹೀಗೆ ಆಗುವುದಿಲ್ಲ. ಆಗ ಎರಡು ಸಮೀಕರಣ ಬರೆಯಲೇಬೇಕು. ಹಾಗೆ ಬಂದರೆ ಗುರುತು ಹಾಕಿಟ್ಟು ಮುಂದೆ ಹೋಗು, ಸಮಯ ಉಳಿದರೆ ಬಾ. ಒಂದು ತರಬೇತಿ ಕೇಂದ್ರದ ಟಿಪ್ಪಣಿಯಲ್ಲಿ ಇದಕ್ಕೊಂದು ಅಡ್ಡ ಗುಣಾಕಾರದ ಸೂತ್ರ ಕೊಟ್ಟಿದ್ದರು. ಬಾಯಿಪಾಠ ಮಾಡಿದ್ದೆ. ಪರೀಕ್ಷೆಯಲ್ಲಿ ಮೇಲಿನದು ಯಾವುದು, ಕೆಳಗಿನದು ಯಾವುದು ಅಂತ ಮರೆತೇ ಹೋಯಿತು. ಆಮೇಲೆ ಸೂತ್ರದ ಸಹವಾಸ ಬಿಟ್ಟೆ.

ಉತ್ತರ: ಮೈಸೂರಿನಿಂದ ಇನ್ನೊಬ್ಬರು

ಸಮಯ ಇಲ್ಲದಾಗ ಆಯ್ಕೆಗಳನ್ನೇ ನೋಡಿ. ತರಗತಿಯಲ್ಲಿ ಹುಡುಗರು, ಹುಡುಗಿಯರು 3:5 ಅಂದರೆ ಒಟ್ಟು ಸಂಖ್ಯೆ 8ರಿಂದ ಭಾಗವಾಗಲೇಬೇಕು. 116, 120, 125, 130 ಕೊಟ್ಟಿದ್ದರೆ 120 ಬಿಟ್ಟು ಬೇರೆ ಯಾವುದೂ ಆಗುವುದಿಲ್ಲ. ಇದು ತಲೆ ಎಣಿಸುವ ಲೆಕ್ಕಕ್ಕೆ ಮಾತ್ರ. ಲೀಟರ್, ಕಿಲೋ ಇದ್ದರೆ ಭಿನ್ನರಾಶಿಯೂ ಬರಬಹುದು, ಅಲ್ಲಿ ಇದನ್ನು ನಂಬಿ ಒತ್ತಬೇಡಿ. ತಪ್ಪಾದರೆ ಕಾಲು ಅಂಕ ಹೋಗುತ್ತದೆ.