ಕೆಲಸ ಬಿಟ್ಟ ಖುಷಿಯನ್ನು ಮನೆಯವರ ಎದುರು ತೋರಿಸುವುದು ಹೇಗೆ?

ಕುಂದಾಪ್ರದವಳು, ಡೊಂಬಿವಲಿ:

ಎಲ್ಲರಿಗೂ ನಮಸ್ಕಾರ. ಕಳೆದ ವಾರ ರಾಜೀನಾಮೆ ಕೊಟ್ಟೆ. ಐರೋಲಿಯಲ್ಲಿ ಆರೋಗ್ಯ ವಿಮೆಯ ಕ್ಲೇಮ್ ನೋಡುವ ಕೆಲಸ. ಆಸ್ಪತ್ರೆಯ ಕಾಗದ ಓದುವುದು, ಪಾಲಿಸಿಯ ಷರತ್ತು ನೋಡುವುದು, ಹೆಚ್ಚಿನ ದಿನ ತಿರಸ್ಕಾರದ ಪತ್ರ ಕಳಿಸುವುದು. ಪತ್ರದ ವಾಕ್ಯಗಳು ಮೊದಲೇ ಸಿದ್ಧ ಇರುತ್ತಿದ್ದವು, ನಾನು ಹೆಸರು ಮತ್ತು ಕಾಯಿಲೆ ತುಂಬಿಸಬೇಕಿತ್ತು. ಓದಿದವರು ಫೋನ್ ಮಾಡಿದರೆ ಅದು ಬೇರೆ ವಿಭಾಗಕ್ಕೆ ಹೋಗುತ್ತಿತ್ತು. ವರ್ಷಗಟ್ಟಲೆ ಈ ಕೆಲಸ ಮಾಡಿದರೂ ಒಬ್ಬ ರೋಗಿಯ ಧ್ವನಿಯನ್ನೂ ಕೇಳಲಿಲ್ಲ.

ಸಂಬಳ ಚೆನ್ನಾಗಿತ್ತು, ಅದರ ಮೇಲೆ ದೂರಿಲ್ಲ. ಮುಂದಿನ ಕೆಲಸ ಇನ್ನೂ ನೋಡಿಲ್ಲ. ಆದರೆ ರಾಜೀನಾಮೆಯ ಮೇಲ್ ಕಳಿಸಿದ ಸಂಜೆಯಿಂದ ನನಗೆ ವಿಪರೀತ ಖುಷಿಯಾಗುತ್ತಿದೆ. ಥಾಣೆಯಲ್ಲಿ ಇಳಿದು ಸೇತುವೆ ಹತ್ತಿ ಫಾಸ್ಟ್ ಲೋಕಲಿಗೆ ಓಡುವವಳು ಅಂದು ಎರಡು ಲೋಕಲ್ ಬಿಟ್ಟೆ. ಲೇಡೀಸ್ ಡಬ್ಬಿಯಲ್ಲಿ ಜಾಗ ಇಲ್ಲ ಎಂದಲ್ಲ, ಸುಮ್ಮನೆ ನಿಂತಿರೋಣ ಅನ್ನಿಸಿತು.

ಕಷ್ಟ ಇರುವುದು ಮನೆಯಲ್ಲಿ. ಅಪ್ಪಯ್ಯ ಚಿಕ್ಕ ವಯಸ್ಸಿನಲ್ಲಿ ಮುಂಬಯಿಗೆ ಬಂದವರು. ಹಗಲು ಹೋಟೆಲಿನಲ್ಲಿ ದುಡಿದು, ರಾತ್ರಿ ಶಾಲೆಯಲ್ಲಿ ಎಸ್ಸೆಸ್ಸಿ ಮುಗಿಸಿ, ಕೊನೆಗೆ ಗುಮಾಸ್ತರಾಗಿ ನಿವೃತ್ತರಾದರು. ಅವರು ಬೈಯಲಿಲ್ಲ. 'ಆಯ್ತು, ಯೋಚನೆ ಮಾಡಿಯೇ ಬಿಟ್ಟಿರ್ತಿ' ಎಂದು ಪೇಪರ್ ಎತ್ತಿಕೊಂಡರು. ಅವರ ಎದುರು ನಗುವುದಕ್ಕೂ ನನಗೆ ಹಿಂಜರಿಕೆ. ಅವರು ಅಷ್ಟು ಕಷ್ಟದಲ್ಲಿ ಗಳಿಸಿದ್ದನ್ನು ನಾನು ಹಗುರವಾಗಿ ಬಿಸಾಡಿ ಕುಣಿಯುತ್ತಿದ್ದೇನೆ ಎಂದು ತಿಳಿದಾರೇ? ಯಾರಿಗಾದರೂ ಹೀಗಾಗಿದೆಯೇ?

ಪೇಟಿ ದುರಸ್ತಿ, ಪುಣೆ:

ಅಕ್ಕಾರ, ಹೆದರಬ್ಯಾಡ್ರಿ. ನಾನೂ ಹಿಂಜವಡಿಯೊಳಗ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡತಿದ್ದೆ. ಪಗಾರ ಚಲೋ, ಬಸ್ಸು ಕಂಪನೀದು, ಊಟ ಕಂಪನೀದು. ಆದ್ರ ರಾತ್ರಿ ಮನೀಗೆ ಬಂದು ಹಾಡು ಹಚ್ಚಿದ್ರ ಕಿವಿಯೊಳಗ ಏನೂ ಇಳೀತಿರಲಿಲ್ಲ. ನಮ್ಮ ಮನಿ ಧಾರವಾಡದ್ದು, ಅಜ್ಜನ ಕಾಲದಿಂದ ಗಾಯನ ಕೇಳೂ ಮಂದಿ ನಾವು. ವಿಲಂಬಿತ ಖ್ಯಾಲ, ಅಂದ್ರ ನಿಧಾನಗತಿ ಹಿಂದೂಸ್ತಾನಿ ಹಾಡಿಕಿ, ಕೇಳಬೇಕಂದ್ರ ಒಳಗ ಪುರಸೊತ್ತು ಬೇಕರಿ. ಒಂದ ರಾಗದಾಗ ತಾಸು ತಾಸು ಇರಬೇಕು. ಆ ಪುರಸೊತ್ತು ನನ್ನ ಕಡಿಂದ ಹೋಗಿಬಿಟ್ಟಿತ್ತು.

ಪುಣಾದಾಗ ಸವಾಯಿ ಗಂಧರ್ವ ಸಂಗೀತ ಉತ್ಸವ ಗೊತ್ತಲ್ಲ? ಕುಂದಗೋಳದ ತಮ್ಮ ಗುರು ಸವಾಯಿ ಗಂಧರ್ವರ ನೆನಪಿಗೆ ಗಾಯಕ ಭೀಮಸೇನ ಜೋಶಿಯವರು 1953ರಾಗ ಸುರು ಮಾಡಿದ್ದು. ಗುರು ನಮ್ಮ ಕಡೆಯವರು, ಶಿಷ್ಯರೂ ನಮ್ಮ ಕಡೆಯವರು, ಊರು ಮಾತ್ರ ಪುಣಾ. ಕೆಲಸದಾಗ ಇದ್ದಾಗ ಹೋದ್ರೂ ಕಿಸೆದಾಗ ಫೋನು ಗುರ್ ಅಂತಿತ್ತು, ಎದ್ದು ಹೊರಗ ಬರತಿದ್ದೆ. ಕೆಲಸ ಬಿಟ್ಟ ಮ್ಯಾಲೆ ಬಂದ ಮೊದಲನೇ ಡಿಸೆಂಬರ್ ಉತ್ಸವದಾಗ ಕೂತ ಜಾಗ ಬಿಟ್ಟು ಏಳಲಿಲ್ಲ. ಸಂಜೀಕ ಮಾರವಾ ರಾಗ ಸುರು ಆತು. ಆ ರಾಗದಾಗ ಷಡ್ಜಕ್ಕ, ಅಂದ್ರ ಮೂಲ ಸ್ವರ 'ಸ'ಕ್ಕ, ಭಾಳ ಹೊತ್ತು ಕಾಯಸ್ತಾರ. ರಿಷಭ, ಧೈವತ ಅಂದ್ರ 'ರಿ', 'ಧ' ಸ್ವರದ ಸುತ್ತ ತಿರಗ್ತಾರ, ಮನಿ ಬಾಗಲಾ ತನಕಾ ಬಂದು ಹೊಳ್ಳಿ ಹೋದಂಗ. ಮೊದಲ ಇದ ರಾಗಕ್ಕ ನನಗ ಕಿರಿಕಿರಿ ಆಗತಿತ್ತು. ಅವತ್ತ ಕಾಯೂದ ಹಬ್ಬ ಆತು. ಕಣ್ಣಾಗ ನೀರು ಬಂತರಿ.

ಈಗ ಪೇಟಿ, ಅಂದ್ರ ಹಾರ್ಮೋನಿಯಂ, ದುರಸ್ತಿ ಮಾಡತೀನಿ. ಅದರೊಳಗ ಸ್ವರ ಹೊರಡಸೂ ಹಿತ್ತಾಳಿ ರೀಡಿನ ತುದಿ ಕೆರದ್ರ ಸ್ವರ ಏರ್ತದ, ಬುಡ ಕೆರದ್ರ ಇಳೀತದ. ಇಷ್ಟ ತಿಳಿಯಾಕ ಒಬ್ಬ ಹಿರಿಯ ಕಾರಾಗೀರರ ಮುಂದ ಭಾಳ ದಿವಸ ಕೂತೀನಿ. ಹಳೇ ಪಗಾರದ ಅರ್ಧನೂ ಬರೂದಿಲ್ಲ, ಮನಿ ನಡಿಯೂದು ಹೆಂಡತಿ ಪಗಾರದ ಮ್ಯಾಲ. ಇದನ್ನ ನಿಮಗ ಹೇಳಲೇಬೇಕು. ಆದ್ರ ಆ ಡಿಸೆಂಬರ್ ಖುಷಿ ಪೇಟಿ ಕೆಲಸ ಸಿಕ್ಕಿದ್ದಕ್ಕ ಬಂದದ್ದಲ್ಲ. ಆಗ ಅದರ ವಿಚಾರನ ಇರಲಿಲ್ಲ. 'ಮುಂದೇನು' ಅನ್ನೋರಿಗೆ ಉತ್ತರ ಸಿಗೂ ತನಕಾ ಖುಷಿ ಮುಚ್ಚಿಡಬ್ಯಾಡ್ರಿ.

ವಾಸ್ಕೋದಿಂದ ಒಬ್ಬರು:

ಓದಿ ನನಗೂ ಆಸೆಯಾಯಿತು. ಆದರೆ ನನ್ನ ತಾಯಿಗೆ ಸಕ್ಕರೆ ಕಾಯಿಲೆ, ಅವರ ಹೆಸರಿರುವುದು ನನ್ನ ಕಂಪನಿಯ ಗುಂಪು ವಿಮೆಯಲ್ಲಿ. ನಾನು ಕೆಲಸ ಬಿಟ್ಟರೆ ಅವರ ಗತಿ? ಖುಷಿಯ ಮಾತಿನ ನಡುವೆ ಇದನ್ನು ಕೇಳಿದ್ದಕ್ಕೆ ಬೇಸರ ಬೇಡ, ನನ್ನನ್ನು ಹಿಡಿದಿಟ್ಟಿರುವುದು ಇದೊಂದೇ.

ಮಾಟುಂಗಾದ ಹಿರಿಯ:

ತಂಗಿ, ಮೊದಲು ಹಣದ ಮಾತು ಮುಗಿಸುತ್ತೇನೆ. ಐದು ವರ್ಷ ತುಂಬಿದ್ದರೆ ಗ್ರಾಚ್ಯುಟಿ, ಅಂದರೆ ಸೇವೆಗಾಗಿ ಕಂಪನಿ ಕೊಡಬೇಕಾದ ಇಡಿಗಂಟು, ನಿನ್ನ ಹಕ್ಕು. ಕೊನೆಯ ಮೂಲವೇತನ ಮತ್ತು ತುಟ್ಟಿಭತ್ಯೆಯನ್ನು 15ರಿಂದ ಗುಣಿಸಿ 26ರಿಂದ ಭಾಗಿಸು, ಬಂದದ್ದನ್ನು ಸೇವೆಯ ವರ್ಷಗಳಿಂದ ಗುಣಿಸು. 40,000 ಇದ್ದು 7 ವರ್ಷವಾಗಿದ್ದರೆ ಸುಮಾರು 1,61,500 ರೂಪಾಯಿ. ಪಿಎಫ್ ಖಾತೆಯಲ್ಲಿ ಕೆಲಸ ಬಿಟ್ಟ ದಿನಾಂಕವನ್ನು ಕಂಪನಿಯವರು ತುಂಬಿದ್ದಾರೆಯೇ ನೋಡಿಕೋ. ಅದು ಖಾಲಿ ಇದ್ದರೆ ಆಮೇಲೆ ಓಡಾಟ.

ಇನ್ನು ಅಪ್ಪಯ್ಯನ ಮಾತು. ನಾನೂ ಉಡುಪಿ ಕಡೆಯಿಂದ ಬಂದು ಫೋರ್ಟಿನ ಹೋಟೆಲಿನಲ್ಲಿ ಟೇಬಲ್ ಒರೆಸಿದವನು. ಧಣಿ ಕೆಟ್ಟವರಲ್ಲ. ರಾತ್ರಿ ಶಾಲೆಗೆ ಬಿಟ್ಟವರು ಅವರೇ, ಪುಸ್ತಕಕ್ಕೆ ಹಣ ಕೊಟ್ಟವರೂ ಅವರೇ. ಎಸ್ಸೆಸ್ಸಿ ಆದ ಮೇಲೆ ಒಂದು ಆಫೀಸಿನಲ್ಲಿ ಕೆಲಸ ಸಿಕ್ಕಿತು. ಹೋಟೆಲ್ ಬಿಟ್ಟ ಮರುದಿನ ಸಂಜೆ ಐದಕ್ಕೆ ನಾನು ಫ್ಲೋರಾ ಫೌಂಟನ್ ಹತ್ತಿರ ಬಿಸಿಲಿನಲ್ಲಿ ನಡೆಯುತ್ತಿದ್ದೆ. ಹೋಟೆಲಿನವನಿಗೆ ಸಂಜೆ ಎಂಬುದೇ ಇರುವುದಿಲ್ಲ ತಂಗಿ, ಅದು ಕಾಫಿ ತಿಂಡಿಯ ಗಿರಾಕಿ ತುಂಬುವ ಹೊತ್ತು. ಅಷ್ಟು ವರ್ಷ ಮುಂಬಯಿಯಲ್ಲಿದ್ದೂ ಅಲ್ಲಿನ ಸಂಜೆ ನೋಡಿರಲಿಲ್ಲ. ಆ ಸಂತೋಷ ಧಣಿಯ ಎದುರು ತೋರಿಸಲಿಲ್ಲ, ಅವರಿಗೆ ನೋವಾದೀತೆಂದು. ಊರಿಗೆ ಬರೆದ ಕಾಗದದಲ್ಲಿ ಹೊಸ ಸಂಬಳ ಎಷ್ಟೆಂದು ಬರೆದೆ, ಸಂಜೆಯ ಸುದ್ದಿ ಬರೆಯಲಿಲ್ಲ. ಮನಿಯಾರ್ಡರ್ ಕಾಯುವವರಿಗೆ ಅದನ್ನೆಲ್ಲ ಬರೆಯುವುದು ಹೇಗೆ?

ಗುಮಾಸ್ತನಾದದ್ದನ್ನು ಎಲ್ಲರೂ ಏಳಿಗೆ ಎಂದರು. ಒಂದು ಕೆಲಸ ಬಿಟ್ಟೆ ಎಂಬುದನ್ನು ಯಾರೂ ಹೇಳಲೇ ಇಲ್ಲ. ನಿನ್ನ ಅಪ್ಪಯ್ಯನೂ ಬಿಟ್ಟವರೇ. ಹೋಟೆಲ್ ಬಿಟ್ಟ ದಿನ ಹೇಗಿತ್ತು ಎಂದು ಅವರನ್ನು ಕೇಳು. ನಿನ್ನ ವಿಷಯ ಆಮೇಲೆ ಎತ್ತು.

ಕುಂದಾಪ್ರದವಳು, ಡೊಂಬಿವಲಿ:

ಹಿರಿಯರೇ, ಕೇಳಿದೆ. ಅಪ್ಪಯ್ಯ ಮೊದಲು 'ಅದೆಲ್ಲ ಹಳೇ ಕತೆ' ಎಂದರು. ಆಮೇಲೆ ಊಟ ತಣ್ಣಗಾಗುವವರೆಗೆ ಮಾತಾಡಿದರು. ಹೋಟೆಲಿನಲ್ಲಿ ಬೆಳಗಿನ ನಾಲ್ಕಕ್ಕೆ ಏಳಬೇಕಿತ್ತಂತೆ. ಬಿಟ್ಟ ರಾತ್ರಿ ಊರಿನ ಮೇಳದ ಯಕ್ಷಗಾನ ಇತ್ತು. ಯಾವಾಗಲೂ ಅರ್ಧಕ್ಕೆ ಎದ್ದು ಬರುತ್ತಿದ್ದವರು ಅಂದು ಮಂಗಳ ಹಾಡುವವರೆಗೆ ಕೂತರಂತೆ. ನಾನು ಹುಟ್ಟಿದ ಮೇಲೆ ಒಮ್ಮೆಯೂ ಹೇಳದ ಮಾತು ಇದು. ಅಮ್ಮನಿಗೂ ಗೊತ್ತಿರಲಿಲ್ಲ. ಆಮೇಲೆ 'ನೀನು ಮೊನ್ನೆಯಿಂದ ನಗು ತಡೆದುಕೊಳ್ಳುವುದು ಕಾಣ್ತದೆ ಮಗಾ, ಯಾಕೆ?' ಎಂದರು. ನನ್ನ ಪ್ರಶ್ನೆ ಅಲ್ಲಿಗೆ ಮುಗಿಯಿತು.

ಪುಣೆಯ ಅಣ್ಣನವರೇ, ಮಾರವಾ ಹುಡುಕಿ ಕೇಳುತ್ತಿದ್ದೇನೆ. ಷಡ್ಜ ಇನ್ನೂ ಗುರುತು ಸಿಕ್ಕಿಲ್ಲ, ಕೇಳುತ್ತಲೇ ಇದ್ದೇನೆ.

ವಾಸ್ಕೋದವರೇ, ನಿಮ್ಮ ಪ್ರಶ್ನೆಗೆ ಬೇಸರ ಯಾಕೆ? ನನಗೆ ಸರಿಯಾಗಿ ಗೊತ್ತಿರುವುದು ಅದೇ. ಗುಂಪು ವಿಮೆ ಸಾಮಾನ್ಯವಾಗಿ ಕೊನೆಯ ಕೆಲಸದ ದಿನಕ್ಕೆ ನಿಲ್ಲುತ್ತದೆ. ಅದಕ್ಕೂ ಮೊದಲೇ, ತಾಯಿಯ ವಿಮೆಯನ್ನು ಅದೇ ವಿಮಾ ಕಂಪನಿಯ ವೈಯಕ್ತಿಕ ಪಾಲಿಸಿಗೆ ವರ್ಗಾಯಿಸಿಕೊಡಿ ಎಂದು ಲಿಖಿತ ಅರ್ಜಿ ಕೊಡಿ. ಗುಂಪು ವಿಮೆಯಲ್ಲಿ ಕಳೆದ ಅವಧಿ ಆಗ ಕಾಯುವ ಅವಧಿಯ ಲೆಕ್ಕಕ್ಕೆ ಬರುತ್ತದೆ. ಹೊಸದಾಗಿ ಪಾಲಿಸಿ ತೆಗೆದರೆ ಮೊದಲಿಂದ ಇದ್ದ ಕಾಯಿಲೆಗೆ 36 ತಿಂಗಳವರೆಗೂ ಕಾಯಿಸಬಹುದು, 2024ಕ್ಕೆ ಮೊದಲು ಅದು 48 ಇತ್ತು. ಅರ್ಜಿಯಲ್ಲಿ ಸಕ್ಕರೆ ಕಾಯಿಲೆ ಯಾವಾಗಿನಿಂದ, ಯಾವ ಮಾತ್ರೆ, ಎಲ್ಲ ಬರೆಯಿರಿ, ಏಜೆಂಟ್ ಬೇಡ ಎಂದರೂ ಬರೆಯಿರಿ. ನಾನು ಕಳಿಸಿದ ತಿರಸ್ಕಾರದ ಪತ್ರಗಳಲ್ಲಿ ಹೇಳದೆ ಬಿಟ್ಟ ಕಾಯಿಲೆಯದೇ ಹೆಚ್ಚು. ಪಾಲಿಸಿಯ ಷರತ್ತುಗಳ ಪುಟ ಇದ್ದರೆ ಹೆಸರು, ನಂಬರು ಮುಚ್ಚಿ ಇಲ್ಲಿ ಹಾಕಿ. ಸಾಲು ಸಾಲಾಗಿ ಓದಿ ಕನ್ನಡದಲ್ಲಿ ಬರೆದುಕೊಡುತ್ತೇನೆ.